ಅಂಗಡಿಯಲ್ಲಿ ಹಿಡಿಸಿದ ವೈನ್ ಮನೆಯಲ್ಲೇಕೆ ಹಿಡಿಸಲಿಲ್ಲ?

ಪ್ರಶ್ನೆ: ನಾನು ವೈನ್ ಕುಡಿಯಲು ತೊಡಗಿ ಒಂದು ವರ್ಷವಾಗಿದೆ. ಮನೆಯ ಹತ್ತಿರದ ವೈನ್ ಅಂಗಡಿಯಲ್ಲಿ ಆಗಾಗ ಟೇಸ್ಟಿಂಗ್ ಏರ್ಪಡಿಸುತ್ತಾರೆ. ಅಲ್ಲಿಗೆ ಬರುವ ಉಳಿದವರು ಚೆರ್ರಿ, ವೆನಿಲಾ, ಚರ್ಮ, ಹೊಗೆ ಎಂದೆಲ್ಲ ವರ್ಣಿಸುತ್ತಾರೆ. ನನಗೆ ಹುಳಿ ಮತ್ತು ಒಗರು ಬಿಟ್ಟರೆ ಬೇರೇನೂ ತಿಳಿಯುವುದಿಲ್ಲ. ಕಳೆದ ಬಾರಿ ಎಂಟು ವೈನ್‌ಗಳ ಪೈಕಿ ತುಂಬ ಹಿಡಿಸಿದ ಒಂದು ಕೆಂಪು ವೈನನ್ನು ಕೊಂಡು ತಂದೆ. ಮನೆಯಲ್ಲಿ ಅದೇ ವೈನ್ ಎರಡನೆಯ ಗ್ಲಾಸಿಗೇ ಬೇಸರ ತರಿಸಿತು. ತಪ್ಪು ನನ್ನ ನಾಲಿಗೆಯದೋ, ವೈನಿನದೋ? ಅಂಗಡಿಯವರನ್ನು ಏನು ಕೇಳಬೇಕು, ಹೇಗೆ ಕೇಳಬೇಕು?

ಉತ್ತರ: ನಿಮ್ಮ ನಾಲಿಗೆಯಲ್ಲಿ ತಪ್ಪೇನೂ ಕಾಣುತ್ತಿಲ್ಲ, ವೈನಿನಲ್ಲೂ ಬಹುಶಃ ಇರಲಿಲ್ಲ. ಒಂದು ಗುಟುಕಿನ ಬಲದ ಮೇಲೆ ಇಡೀ ಬಾಟಲಿಯ ಬಗ್ಗೆ ತೀರ್ಮಾನಿಸಿದ್ದರಿಂದ ಹೀಗಾಗಿದೆ ಎಂಬುದು ನನ್ನ ಊಹೆ, ಅದಕ್ಕೆ ಆಮೇಲೆ ಬರುತ್ತೇನೆ. ಅದಕ್ಕೂ ಮೊದಲು, ಹುಳಿ ಮತ್ತು ಒಗರು ಬಿಟ್ಟರೆ ಬೇರೇನೂ ತಿಳಿಯುವುದಿಲ್ಲವೆಂದು ನೀವು ಸಂಕೋಚಪಟ್ಟು ಬರೆದಿರುವ ಮಾತನ್ನು ಎತ್ತಿಕೊಳ್ಳಬೇಕು, ಏಕೆಂದರೆ ವೈನ್ ಆರಿಸುವವರಿಗೆ ಮೊಟ್ಟಮೊದಲು ತಿಳಿಯಬೇಕಾದದ್ದು ಅದೇ. ವೈನಿನ ಮೈಕಟ್ಟು ಸಿಹಿ, ಹುಳಿ, ಒಗರು, ಆಲ್ಕೋಹಾಲಿನ ಬಿಸಿ ಮತ್ತು ಬಾಯಲ್ಲಿ ತೋರುವ ತೂಕ ಎಂಬ ಐದು ಸಂಗತಿಗಳ ಮೇಲೆ ನಿಂತಿದೆ. ಈ ಐದರಲ್ಲಿ ನಿಮಗೆ ಯಾವುದು ಎಷ್ಟು ಬೇಕು ಎಂದು ಹೇಳಬಲ್ಲಿರಾದರೆ, ಚೆರ್ರಿ ಮತ್ತು ಚರ್ಮದ ಸುದ್ದಿಯೇ ಇಲ್ಲದೆಯೂ ಅಂಗಡಿಯವರು ನಿಮಗೆ ಒಪ್ಪುವ ವೈನನ್ನು ಹುಡುಕಿ ಕೊಡಬಲ್ಲರು.

ಒಗರಿನಿಂದ ಆರಂಭಿಸುತ್ತೇನೆ, ಏಕೆಂದರೆ ಈ ವಿಷಯದಲ್ಲಿ ಕನ್ನಡ ಬಲ್ಲವರಿಗೆ ಒಂದು ಅನುಕೂಲವಿದೆ. ಕಹಿ ಬೇರೆ, ಒಗರು ಬೇರೆ ಎಂಬುದನ್ನು ನಮ್ಮ ಭಾಷೆ ಚಿಕ್ಕಂದಿನಲ್ಲೇ ಕಲಿಸಿಬಿಡುತ್ತದೆ. ಇಂಗ್ಲಿಷಿನಲ್ಲಿ ಮಾತಾಡುವ ಹೊಸಬರು ಬಾಯಿ ಒಣಗಿದಂತಾಗುವ ಈ ಅನುಭವವನ್ನು ‘ಡ್ರೈ’ ಎಂದು ಕರೆದುಬಿಡುವುದುಂಟು. ವೈನಿನ ಪರಿಭಾಷೆಯಲ್ಲಾದರೋ ಡ್ರೈ ಎಂದರೆ ಸಕ್ಕರೆ ಹೆಚ್ಚುಕಡಿಮೆ ಉಳಿದಿಲ್ಲ ಎಂದಷ್ಟೇ ಅರ್ಥ. ಹೀಗಾಗಿ ಒಗರು ಬೇಡ ಎನ್ನಲು ಹೋಗಿ ‘ಡ್ರೈ ಬೇಡ’ ಎಂದವರು ಸಿಹಿ ವೈನ್ ಹಿಡಿದು ಮನೆಗೆ ಬರುತ್ತಾರೆ. ಒಗರಿನ ಮೂಲ ಟ್ಯಾನಿನ್. ಅದು ದ್ರಾಕ್ಷಿಯ ಸಿಪ್ಪೆ ಮತ್ತು ಬೀಜಗಳಲ್ಲಿರುತ್ತದೆ, ಓಕ್ ಮರದ ಹೊಸ ಪೀಪಾಯಿಗಳಿಂದಲೂ ಸ್ವಲ್ಪ ಇಳಿಯುತ್ತದೆ. ಬಿಳಿ ವೈನಿಗಾಗಿ ರಸವನ್ನು ಹಿಂಡಿ, ಸಿಪ್ಪೆಯಿಂದ ಬೇರ್ಪಡಿಸಿ, ಆಮೇಲೆ ಹುದುಗಿಸುತ್ತಾರೆ. ಕೆಂಪು ವೈನಿಗಾಗಿ ಸಿಪ್ಪೆ ಮತ್ತು ಬೀಜಗಳ ಸಮೇತವೇ ಹುದುಗಿಸುವುದರಿಂದ ಅದಕ್ಕೆ ಬಣ್ಣ ಮತ್ತು ಒಗರು ಒಟ್ಟೊಟ್ಟಿಗೆ ಬರುತ್ತವೆ. ಟ್ಯಾನಿನ್ ನಮ್ಮ ಜೊಲ್ಲಿನಲ್ಲಿರುವ ಪ್ರೋಟೀನುಗಳಿಗೆ ಅಂಟಿಕೊಂಡು ಅವುಗಳ ಜಾರುಗುಣವನ್ನು ಕಸಿಯುತ್ತದೆ. ಆಗ ಒಸಡು ಮತ್ತು ಕೆನ್ನೆಯ ಒಳಭಾಗ ದಾಳಿಂಬೆಯ ಸಿಪ್ಪೆ ಕಚ್ಚಿದಂತೆ ಬಿಗಿಯುತ್ತದೆ. ಇದು ಸ್ಪರ್ಶದ ಅನುಭವವಾದ್ದರಿಂದ ನೆಗಡಿಯಾಗಿ ಮೂಗು ಕಟ್ಟಿದ್ದರೂ ತಿಳಿಯುತ್ತದೆ. ನೆಬ್ಬಿಯೋಲೊ ಮತ್ತು ಕ್ಯಾಬರ್ನೆ ಸಾವಿನ್ಯೋನ್ ತಳಿಗಳ ವೈನುಗಳಲ್ಲಿ ಒಗರು ಹೆಚ್ಚು. ಪಿನೋ ನುವಾರ್, ಗಮೆ, ಬಾರ್ಬೆರಾ ತಳಿಗಳಲ್ಲಿ ಕಡಿಮೆ. ಒಗರು ನಿಮಗೆ ಒಗ್ಗದಿದ್ದರೆ ಇಷ್ಟು ತಿಳಿದಿರುವುದೇ ನಿಮ್ಮ ಮುಂದಿನ ಅರ್ಧ ಡಜನ್ ಖರೀದಿಗಳನ್ನು ಕಾಪಾಡಬಲ್ಲದು.

ಹುಳಿಯನ್ನು ಅಳೆಯುವುದು ಇನ್ನೂ ಸುಲಭ. ಗುಟುಕನ್ನು ನುಂಗಿದ ಅಥವಾ ಉಗುಳಿದ ಬಳಿಕ ತಲೆಯನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ, ಬಾಯಲ್ಲಿ ನೀರೂರುವುದನ್ನು ಗಮನಿಸಿ. ಹೆಚ್ಚು ನೀರೂರಿದಷ್ಟೂ ಹುಳಿ ಹೆಚ್ಚು. ಒಗರು ಬಾಯಿ ಒಣಗಿಸುತ್ತದೆ, ಹುಳಿ ನೀರೂರಿಸುತ್ತದೆ, ಆದ್ದರಿಂದ ಎರಡನ್ನೂ ಗೊಂದಲ ಮಾಡಿಕೊಳ್ಳಬೇಕಾಗಿಲ್ಲ. ನಾಲಿಗೆಯ ತುದಿಯಲ್ಲಿ ಸಿಹಿ, ಅಂಚಿನಲ್ಲಿ ಹುಳಿ, ಹಿಂಭಾಗದಲ್ಲಿ ಕಹಿ ಎಂಬ ನಕ್ಷೆಯನ್ನು ಕೆಲವು ಟೇಸ್ಟಿಂಗ್‌ಗಳಲ್ಲಿ ಈಗಲೂ ತೋರಿಸುತ್ತಾರೆ. ಅದು 1901ರ ಜರ್ಮನ್ ಪ್ರಬಂಧವೊಂದರ ಅಂಕಿಗಳನ್ನು ಮುಂದೆ ತಪ್ಪಾಗಿ ಅರ್ಥೈಸಿದ್ದರಿಂದ ಹುಟ್ಟಿದ ನಕ್ಷೆ; ಎಲ್ಲ ರುಚಿಗಳೂ ನಾಲಿಗೆಯ ಎಲ್ಲ ಭಾಗಗಳಲ್ಲೂ ತಿಳಿಯುತ್ತವೆ, ಆ ನಕ್ಷೆಯನ್ನು ನಂಬಿ ನಾಲಿಗೆಯನ್ನು ತಿರುಚುವ ಅಗತ್ಯವಿಲ್ಲ.

ಸಿಹಿಯ ವಿಷಯದಲ್ಲಿ ಮಾತ್ರ ಬಹುಮಂದಿ ಮೋಸಹೋಗುತ್ತಾರೆ, ಅನುಭವಿಗಳೂ ಇದಕ್ಕೆ ಹೊರತಲ್ಲ. ಮಾಗಿದ ಹಣ್ಣಿನ ವಾಸನೆ ಬಂದ ಕೂಡಲೇ ನಮ್ಮ ಮೆದುಳು ಅದಕ್ಕೆ ಸಿಹಿಯನ್ನು ತಾನೇ ಸೇರಿಸಿಬಿಡುತ್ತದೆ, ವೈನಿನಲ್ಲಿ ಸಕ್ಕರೆ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ ಇದ್ದರೂ ಸಹ. ಪರೀಕ್ಷಿಸಬೇಕಾದರೆ ಮೂಗನ್ನು ಬೆರಳಿನಿಂದ ಒತ್ತಿ ಹಿಡಿದು ಒಂದು ಗುಟುಕು ತೆಗೆದುಕೊಳ್ಳಿ: ಆಗಲೂ ಸಿಹಿ ಉಳಿದರೆ ಅದು ಸಕ್ಕರೆ, ಮಾಯವಾದರೆ ಅದು ಹಣ್ಣಿನ ಘಮ. ಅಂಗಡಿಯಲ್ಲಿ ‘ಸ್ವಲ್ಪ ಸಿಹಿಯಾದದ್ದು ಕೊಡಿ’ ಎನ್ನುವವರಲ್ಲಿ ಅನೇಕರಿಗೆ ನಿಜವಾಗಿ ಬೇಕಾಗಿರುವುದು ಹಣ್ಣಿನ ಘಮ ದಟ್ಟವಾಗಿರುವ, ಸಕ್ಕರೆಯಿಲ್ಲದ ವೈನ್. ಇನ್ನು ಆಲ್ಕೋಹಾಲು ಗಂಟಲಿನಲ್ಲಿ ಬಿಸಿಯಾಗಿ ತಿಳಿಯುತ್ತದೆ. ತೂಕವೆಂದರೆ ನೀರು ಮತ್ತು ಗಟ್ಟಿ ಹಾಲಿನ ನಡುವೆ ಬಾಯಿಗೆ ತಿಳಿಯುವಂಥ ವ್ಯತ್ಯಾಸ, ಅಷ್ಟೆ.

ಹಾಗಾದರೆ ಚೆರ್ರಿ, ವೆನಿಲಾ, ಕರಿಮೆಣಸು ಎಂಬುದೆಲ್ಲ ಬರಿಯ ಬುರುಡೆಯೇ ಎಂದು ನೀವು ಕೇಳಬಹುದು. ಖಂಡಿತ ಅಲ್ಲ, ಅವಕ್ಕೆ ರಾಸಾಯನಿಕ ಆಧಾರವಿದೆ. ವೆನಿಲಾದ ಘಮಕ್ಕೆ ಕಾರಣವಾದ ವೆನಿಲಿನ್ ಓಕ್ ಪೀಪಾಯಿಯಿಂದ ವೈನಿಗೆ ಇಳಿಯುತ್ತದೆ. ಸಾವಿನ್ಯೋನ್ ಬ್ಲಾಂಕ್ ಎಂಬ ಬಿಳಿ ವೈನಿನಲ್ಲಿ ದೊಣ್ಣೆಮೆಣಸಿನ ವಾಸನೆ ಬರುವುದು ಪೈರಜೀನ್ ಎಂಬ ವರ್ಗದ ಸಂಯುಕ್ತಗಳಿಂದ. ದೊಣ್ಣೆಮೆಣಸಿನಲ್ಲಿ ಇರುವುದೂ ಅವೇ. ಶಿರಾಜ್ ವೈನಿನಲ್ಲಿ ಕರಿಮೆಣಸಿನ ಘಾಟು ತರುವ ರೋಟಂಡೋನ್ ಎಂಬ ವಸ್ತುವನ್ನು ಆಸ್ಟ್ರೇಲಿಯಾದ ಸಂಶೋಧಕರು ಗುರುತಿಸಿ 2008ರಲ್ಲಿ ಪ್ರಕಟಿಸಿದರು, ಮತ್ತು ಅದೇ ಅಧ್ಯಯನದಲ್ಲಿ, ಪರೀಕ್ಷೆಗೆ ಕುಳಿತವರ ಪೈಕಿ ಸುಮಾರು ಐದರಲ್ಲೊಬ್ಬರಿಗೆ ಅದರ ವಾಸನೆಯೇ ತಿಳಿಯಲಿಲ್ಲ ಎಂಬುದೂ ಹೊರಬಿತ್ತು. ಪಕ್ಕದಲ್ಲಿ ನಿಂತವರು ‘ಎಂಥ ಮೆಣಸು!’ ಎನ್ನುವಾಗ ನಿಮಗೆ ಏನೂ ತೋರದಿದ್ದರೆ, ನಿಮ್ಮ ಮೂಗು ಆ ಐದನೆಯವರದಿರಬಹುದು. ಅಭ್ಯಾಸದಿಂದ ಅದು ಸರಿಹೋಗುವುದಿಲ್ಲ, ಸರಿಹೋಗಬೇಕಾಗಿಯೂ ಇಲ್ಲ.

ಉಳಿದ ಘಮಗಳ ಮಟ್ಟಿಗೆ ಹೇಳುವುದಾದರೆ, ವಾಸನೆ ಮೂಗಿಗೆ ಬಂದರೂ ಹೆಸರು ಬಾಯಿಗೆ ಬಾರದಿರುವುದು ಎಲ್ಲರ ಪಾಡು. ಈ ತೊಡಕನ್ನು ಬಿಡಿಸಲೆಂದೇ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಶಾಖೆಯ ಆನ್ ನೋಬಲ್ ಅವರು 1980ರ ದಶಕದಲ್ಲಿ ಘಮಗಳ ಚಕ್ರವೊಂದನ್ನು ರೂಪಿಸಿದರು. ಅದರ ನಡುವಿನಲ್ಲಿ ಹಣ್ಣು, ಹೂವು, ಮಸಾಲೆ, ಮಣ್ಣು ಎಂಬಂಥ ವಿಶಾಲ ವರ್ಗಗಳಿದ್ದು, ಅಂಚಿಗೆ ಬಂದಂತೆ ಹೆಸರುಗಳು ನಿಖರವಾಗುತ್ತವೆ. ನಿಮಗೆ ನಡುವಿನ ವರ್ಗ ಸಾಕು. ‘ಹಣ್ಣು ಇದೆ, ಹೊಗೆಯೂ ಸ್ವಲ್ಪ ಇದೆ’ ಎಂಬ ಟಿಪ್ಪಣಿ ಅಂಗಡಿಯವರಿಗೆ ಉಪಯೋಗಕ್ಕೆ ಬರುತ್ತದೆ, ಹನ್ನೆರಡು ಹಣ್ಣುಗಳ ಪಟ್ಟಿ ಬರುವುದಿಲ್ಲ.

ವರ್ಣನೆಗಳನ್ನು ಕೇಳಿ ಎದೆಗುಂದಬೇಡಿ ಎನ್ನಲು ಇನ್ನೊಂದು ಕಾರಣವೂ ಇದೆ. ಫ್ರಾನ್ಸಿನ ಬೋರ್ಡೋ ವಿಶ್ವವಿದ್ಯಾಲಯದಲ್ಲಿ ವೈನ್ ವಿಜ್ಞಾನ ಓದುತ್ತಿದ್ದ 54 ವಿದ್ಯಾರ್ಥಿಗಳಿಗೆ, ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿದ ಬಿಳಿ ವೈನನ್ನು ಕೊಟ್ಟಾಗ, ಅವರು ಅದನ್ನು ವರ್ಣಿಸಲು ಬಳಸಿದ್ದು ಬಹುಪಾಲು ಕೆಂಪು ವೈನಿನ ಪದಗಳನ್ನು. 2001ರಲ್ಲಿ ಪ್ರಕಟವಾದ ಈ ಪ್ರಯೋಗವನ್ನು ಮುಂದಿಟ್ಟುಕೊಂಡು ‘ವೈನ್ ತಜ್ಞರೆಲ್ಲ ಸುಳ್ಳರು’ ಎನ್ನುವವರಿದ್ದಾರೆ. ನನಗೆ ಅದರಲ್ಲಿ ಕಾಣುವುದು ಬೇರೆ: ಕಣ್ಣು ಮೊದಲೇ ತೀರ್ಪು ಕೊಟ್ಟಿದ್ದರೆ ಮೂಗು ಅದಕ್ಕೆ ಸಾಕ್ಷಿ ಹೇಳುತ್ತದೆ. ಟೇಸ್ಟಿಂಗ್‌ನಲ್ಲಿ ಕಣ್ಣಿನ ಸ್ಥಾನವನ್ನು ಅಂಗಡಿಯವರ ಮಾತೂ ತುಂಬಬಹುದು. ಅವರು ‘ಇದರಲ್ಲಿ ಚೆರ್ರಿ ಇದೆ ನೋಡಿ’ ಎಂದ ಮೇಲೆ ಗುಂಪಿನಲ್ಲಿ ಎಲ್ಲರಿಗೂ ಚೆರ್ರಿ ಸಿಗುತ್ತದೆ.

ಈಗ ಆ ಕೆಂಪು ವೈನಿನ ವಿಷಯಕ್ಕೆ ಬರೋಣ. ಎಂಟು ವೈನ್‌ಗಳ ಸಾಲಿನಲ್ಲಿ ಗುಟುಕು ಗುಟುಕಾಗಿ ರುಚಿ ನೋಡುವಾಗ, ಗಮನ ಸೆಳೆಯುವುದು ಯಾವಾಗಲೂ ದೊಡ್ಡ ದನಿಯ ವೈನ್. ಮಾಗಿದ ಹಣ್ಣು, ಹೆಚ್ಚು ಆಲ್ಕೋಹಾಲು, ಪೀಪಾಯಿಯ ವೆನಿಲಾ, ಕೊನೆಯಲ್ಲಿ ತುಸು ಸಿಹಿ, ಇಷ್ಟಿದ್ದರೆ ಉಳಿದ ಏಳು ವೈನುಗಳು ಅದರ ಮುಂದೆ ಸಪ್ಪೆ ಎನಿಸುತ್ತವೆ. ಆದರೆ ಗುಟುಕಿನಲ್ಲಿ ಮೆಚ್ಚುಗೆಯಾದ ಆ ಗುಣಗಳೇ ಎರಡು ಗ್ಲಾಸಿನಷ್ಟು ಕುಡಿಯುವಾಗ ಬಾಯಿಗೆ ಭಾರವಾಗುತ್ತವೆ. ಬಾಟಲಿಯನ್ನು ಮುಗಿಸುವಂತೆ ಮಾಡುವುದು ಹುಳಿ. ಗುಟುಕಿನಲ್ಲಿ ಅದು ಒರಟಾಗಿ ಕಂಡೀತು, ಗ್ಲಾಸಿನಲ್ಲಿ ಮಾತ್ರ ಅದೇ ಮುಂದಿನ ಗುಟುಕಿಗೆ ಬಾಯಿಯನ್ನು ಸಿದ್ಧಗೊಳಿಸುತ್ತದೆ. ನಾನು ನಡೆಸುವ ಟೇಸ್ಟಿಂಗ್‌ಗಳಲ್ಲಿ ಎಲ್ಲರೂ ಮೆಚ್ಚಿದ ವೈನ್ ಯಾವುದು ಎಂಬುದಕ್ಕಿಂತ, ಕೊನೆಯಲ್ಲಿ ಜನ ಮಾತಾಡುತ್ತ ನಿಂತಾಗ ಯಾವ ಬಾಟಲಿ ತಾನಾಗಿ ಖಾಲಿಯಾಯಿತು ಎಂಬುದನ್ನೇ ಹೆಚ್ಚು ನಂಬುತ್ತೇನೆ. ಅವೆರಡೂ ಒಂದೇ ಆಗಿರುವುದು ಅಪರೂಪ.

ಸಾಲಿನಲ್ಲಿ ಆ ವೈನ್ ಎಲ್ಲಿತ್ತು ಎಂಬುದೂ ಮುಖ್ಯ. ತುಂಬ ಹುಳಿಯಾದ ವೈನಿನ ನಂತರ ಬಂದದ್ದು ಇದ್ದದ್ದಕ್ಕಿಂತ ಮೃದುವಾಗಿಯೂ, ಸಿಹಿಯಾದುದರ ನಂತರ ಬಂದದ್ದು ಇದ್ದದ್ದಕ್ಕಿಂತ ಹುಳಿಯಾಗಿಯೂ ತೋರುತ್ತದೆ. ಒಗರು ಗುಟುಕಿನಿಂದ ಗುಟುಕಿಗೆ ಬಾಯಲ್ಲಿ ಕೂಡುತ್ತ ಹೋಗುವುದರಿಂದ ಎಂಟನೆಯ ಕೆಂಪು ವೈನಿಗೆ ನ್ಯಾಯ ಸಿಗುವುದೇ ಇಲ್ಲ. ಇನ್ನು ಉಷ್ಣತೆ: ಕೆಂಪು ವೈನ್ ಸಾಮಾನ್ಯವಾಗಿ 15ರಿಂದ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ ಚೆನ್ನಾಗಿರುತ್ತದೆ, ಕೋಣೆಯ ಶಾಖದಲ್ಲಿ 26 ಅಥವಾ 28 ಡಿಗ್ರಿಗೆ ಏರಿದ ಅದೇ ವೈನಿನಲ್ಲಿ ಆಲ್ಕೋಹಾಲು ಮೂಗಿಗೆ ಅಡರಿ ಹಣ್ಣಿನ ಘಮವನ್ನು ಮುಚ್ಚಿಬಿಡುತ್ತದೆ. ‘ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕೊಡಬೇಕು’ ಎಂಬ ಹಳೆಯ ಮಾತು ಹುಟ್ಟಿದ್ದು ತಣ್ಣಗಿನ ಕೋಣೆಗಳಲ್ಲಿ. ಮನೆಯಲ್ಲಿ ಆ ಬಾಟಲಿಯನ್ನು ಕುಡಿಯುವ ಮೊದಲು ಅರ್ಧ ಗಂಟೆ ಫ್ರಿಜ್ಜಿನಲ್ಲಿ ಇಟ್ಟಿದ್ದರೆ ನಿಮ್ಮ ಪ್ರಶ್ನೆಯೇ ಬೇರೆಯಾಗಿರುತ್ತಿತ್ತೇನೋ. ಅಂಗಡಿಯ ಬಾಟಲಿಯನ್ನು ಟೇಸ್ಟಿಂಗ್‌ಗೆ ಎರಡು ಮೂರು ಗಂಟೆ ಮೊದಲೇ ತೆರೆದಿಟ್ಟಿದ್ದರೆ ಅಷ್ಟರಲ್ಲಿ ಅದಕ್ಕೆ ಗಾಳಿ ತಾಗಿ ಬಿಗುವು ತಗ್ಗಿರಬಹುದು. ಯಾವಾಗ ತೆರೆದಿರಿ ಎಂದು ಕೇಳುವುದರಲ್ಲಿ ಅವಿನಯವೇನಿಲ್ಲ. ಒಳ್ಳೆಯ ಅಂಗಡಿಯವರು ಸಂತೋಷದಿಂದಲೇ ಹೇಳುತ್ತಾರೆ.

ಬೆಲೆಯ ಪ್ರಭಾವವನ್ನೂ ಮರೆಯಬಾರದು. ಕ್ಯಾಲಿಫೋರ್ನಿಯಾದ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದೇ ವೈನನ್ನು ಎರಡು ಬೇರೆ ಬೇರೆ ಬೆಲೆಗಳ ಹೆಸರಿನಲ್ಲಿ ಕೊಟ್ಟಾಗ, ಹೆಚ್ಚು ಬೆಲೆ ಹೇಳಿದ ಗುಟುಕನ್ನೇ ಜನ ಹೆಚ್ಚು ಮೆಚ್ಚಿದರು. ಅವರು ಸುಳ್ಳು ಹೇಳುತ್ತಿರಲಿಲ್ಲ, ಏಕೆಂದರೆ ಮೆದುಳಿನಲ್ಲಿ ಸುಖದ ಅನುಭವಕ್ಕೆ ಸಂಬಂಧಿಸಿದ ಭಾಗದ ಚಟುವಟಿಕೆಯೂ ಹೆಚ್ಚಿರುವುದು ಸ್ಕ್ಯಾನ್‌ನಲ್ಲಿ ಕಂಡುಬಂತು. ಬೋರ್ಡೋ ವೈನ್‌ಗಳ ಪ್ರಸಿದ್ಧ 1855ರ ಶ್ರೇಣಿಯನ್ನು ಕೂಡ ದಲ್ಲಾಳಿಗಳು ರೂಪಿಸಿದ್ದು ಆ ವೈನ್‌ಗಳಿಗೆ ಮಾರುಕಟ್ಟೆಯಲ್ಲಿ ಸಿಗುತ್ತಿದ್ದ ಬೆಲೆಯ ಆಧಾರದ ಮೇಲೆ.

ಇದಕ್ಕೆ ಮದ್ದು ಬಾಟಲಿಯನ್ನು ಮರೆಮಾಡುವುದು, ಮತ್ತು ಆ ಮದ್ದಿನ ಬಹು ಪ್ರಸಿದ್ಧ ಪ್ರಯೋಗ ನಡೆಸಿದವರು ಒಬ್ಬ ವೈನ್ ಅಂಗಡಿಯವರೇ. ಪ್ಯಾರಿಸ್ಸಿನಲ್ಲಿ ಚಿಕ್ಕದೊಂದು ವೈನ್ ಅಂಗಡಿ ನಡೆಸುತ್ತಿದ್ದ ಇಂಗ್ಲಿಷರಾದ ಸ್ಟೀವನ್ ಸ್ಪರಿಯರ್ 1976ರ ಮೇ 24ರಂದು ಕ್ಯಾಲಿಫೋರ್ನಿಯಾ ಮತ್ತು ಫ್ರಾನ್ಸಿನ ವೈನ್‌ಗಳನ್ನು ಲೇಬಲ್ ತೋರಿಸದೆ ಒಂಬತ್ತು ಮಂದಿ ಫ್ರೆಂಚ್ ತಜ್ಞರ ಮುಂದಿಟ್ಟರು. ಕ್ಯಾಲಿಫೋರ್ನಿಯಾದ ಬಿಳಿ ವೈನೊಂದನ್ನು ಸವಿದು ‘ಈಗ ಫ್ರಾನ್ಸಿಗೆ ಮರಳಿದೆವು’ ಎಂಬರ್ಥದ ಮಾತಾಡಿದ ತೀರ್ಪುಗಾರರೂ ಅಲ್ಲಿದ್ದರು. ಅಂಕಗಳನ್ನು ಕೂಡಿಸಿದಾಗ ಬಿಳಿ ವೈನುಗಳಲ್ಲಿ ಶಾಟೊ ಮಾಂಟೆಲೀನಾದ 1973ರ ಶಾರ್ಡನೆ ತಳಿಯ ವೈನ್, ಕೆಂಪಿನಲ್ಲಿ ಸ್ಟ್ಯಾಗ್ಸ್ ಲೀಪ್ ವೈನ್ ಸೆಲ್ಲರ್ಸ್‌ನ 1973ರ ಕ್ಯಾಬರ್ನೆ ಸಾವಿನ್ಯೋನ್ ಮೊದಲ ಸ್ಥಾನದಲ್ಲಿದ್ದವು, ಎರಡೂ ಕ್ಯಾಲಿಫೋರ್ನಿಯಾದವು. ಮನೆಯಲ್ಲಿ ಇದನ್ನೇ ಸಣ್ಣ ಪ್ರಮಾಣದಲ್ಲಿ ಮಾಡಬಹುದು. ಒಂದೇ ಒಂದು ಗುಣದಲ್ಲಿ ಬೇರೆಯಾದ ಎರಡು ಬಾಟಲಿ ತನ್ನಿ, ಉದಾಹರಣೆಗೆ ಓಕ್ ಪೀಪಾಯಿಯಲ್ಲಿಟ್ಟ ಶಾರ್ಡನೆ ಮತ್ತು ಉಕ್ಕಿನ ತೊಟ್ಟಿಯಲ್ಲೇ ತಯಾರಾದ ಶಾರ್ಡನೆ. ಎರಡನ್ನೂ ಕಾಗದದಲ್ಲಿ ಸುತ್ತಿ, ಬೇರೆಯವರಿಂದ ಬಗ್ಗಿಸಿಕೊಂಡು, ಅಕ್ಕಪಕ್ಕ ಇಟ್ಟು ರುಚಿ ನೋಡಿ. ಓಕ್ ಎಂದರೇನೆಂದು ಹತ್ತು ಟೇಸ್ಟಿಂಗ್‌ಗಳಲ್ಲಿ ತಿಳಿಯದ್ದು ಅರ್ಧ ಗಂಟೆಯಲ್ಲಿ ತಿಳಿಯುತ್ತದೆ. ಇಬ್ಬರು ಮೂವರು ಸೇರಿ ಮಾಡಿದರೆ ವೈನೂ ಉಳಿಯುವುದಿಲ್ಲ.

ಮುಂದಿನ ಬಾರಿ ಅಂಗಡಿಯ ಟೇಸ್ಟಿಂಗ್‌ಗೆ ಹೋಗುವಾಗ ಸುಗಂಧದ್ರವ್ಯ ಹಚ್ಚಿಕೊಳ್ಳಬೇಡಿ, ಅದು ನಿಮ್ಮ ಮೂಗಿಗಷ್ಟೇ ಅಲ್ಲ, ಅಕ್ಕಪಕ್ಕದವರ ಮೂಗಿಗೂ ಅಡ್ಡಿ. ಸಾಲು ನೊರೆಯುಕ್ಕುವ ವೈನಿನಿಂದ ಬಿಳಿಗೆ, ಬಿಳಿಯಿಂದ ಕೆಂಪಿಗೆ, ಹಗುರದಿಂದ ಭಾರಕ್ಕೆ ಸಾಗಿ ಸಿಹಿಯಲ್ಲಿ ಮುಗಿಯಬೇಕು. ಗ್ಲಾಸನ್ನು ತಿರುಗಿಸುವ ಮೊದಲೊಮ್ಮೆ, ತಿರುಗಿಸಿದ ಮೇಲೊಮ್ಮೆ ಮೂಸಿ. ತಿರುಗಿಸಿದಾಗ ಗ್ಲಾಸಿನ ಒಳಮೈಯಲ್ಲಿ ಇಳಿಯುವ ಗೆರೆಗಳನ್ನು ನೋಡಿ ‘ಒಳ್ಳೆಯ ವೈನ್’ ಎನ್ನುವವರ ಮಾತನ್ನು ನಂಬಬೇಡಿ. ಆಲ್ಕೋಹಾಲು ನೀರಿಗಿಂತ ಬೇಗ ಆವಿಯಾಗಿ ಮೇಲ್ಮೈ ಸೆಳೆತ ಏರುಪೇರಾಗುವುದರಿಂದ ಉಂಟಾಗುವ ಆ ಗೆರೆಗಳ ಕಾರಣವನ್ನು ಜೇಮ್ಸ್ ಥಾಮ್ಸನ್ 1855ರಲ್ಲೇ ವಿವರಿಸಿದ್ದಾರೆ, ಗುಣಮಟ್ಟಕ್ಕೂ ಅದಕ್ಕೂ ಸಂಬಂಧವಿಲ್ಲ. ಗುಟುಕನ್ನು ಐದಾರು ಸೆಕೆಂಡು ಬಾಯಿತುಂಬ ಆಡಿಸಿ, ತುಟಿಯ ಸಂದಿನಿಂದ ಸ್ವಲ್ಪ ಗಾಳಿ ಎಳೆದುಕೊಂಡು, ಉಗುಳಿ.

ಉಗುಳುವುದು ಒರಟುತನವೆಂದು ಹಿಂಜರಿಯಬೇಡಿ, ಅಲ್ಲಿ ಪಾತ್ರೆ ಇಟ್ಟಿರುವುದೇ ಅದಕ್ಕಾಗಿ. ಲೆಕ್ಕ ಹಾಕಿ ನೋಡಿ: ತಲಾ 30 ಮಿಲಿಲೀಟರಿನಂತೆ ಎಂಟು ವೈನ್ ನುಂಗಿದರೆ 240 ಮಿಲಿಲೀಟರ್, ಅಂದರೆ 750 ಮಿಲಿಲೀಟರಿನ ಬಾಟಲಿಯ ಸುಮಾರು ಮೂರನೆಯ ಒಂದು ಪಾಲು. ಆಲ್ಕೋಹಾಲಿನ ಪ್ರಮಾಣ 13% ಎಂದುಕೊಂಡರೆ ಹೊಟ್ಟೆಗೆ ಸೇರಿದ್ದು ಸುಮಾರು 25 ಗ್ರಾಂ ಆಲ್ಕೋಹಾಲು. ಅಷ್ಟಾದ ಮೇಲೆ ಎಂಟನೆಯ ವೈನಿನ ಬಗ್ಗೆ ನಿಮ್ಮ ತೀರ್ಪು ನಿಮ್ಮದಾಗಿ ಉಳಿದಿರುವುದಿಲ್ಲ, ಮತ್ತು ವಾಹನ ನಡೆಸುವಂತೆಯೂ ಇಲ್ಲ. ಉಗುಳಿದರೂ ಸ್ವಲ್ಪ ಒಳಗೆ ಸೇರಿಯೇ ಸೇರುತ್ತದೆ. ಎಂಟನ್ನೂ ನೋಡಲೇಬೇಕೆಂಬ ಹಟ ಬಿಟ್ಟು ನಾಲ್ಕನ್ನು ಆರಿಸಿಕೊಂಡು, ಹಿಡಿಸಿದ ಒಂದಕ್ಕೆ ಕೊನೆಯಲ್ಲಿ ಮರಳಿ ಬಂದು ಇನ್ನೊಂದು ಗುಟುಕು ಕೇಳುವುದು ನನ್ನ ಕ್ರಮ. ಮರಳಿ ಬಂದಾಗಲೂ ಅದು ಹಿಡಿಸಿದರೆ ಕೊಳ್ಳಬಹುದು. ಹಿಡಿಸದಿದ್ದರೆ ಕೊಳ್ಳದೆ ಹೊರಡುವುದರಲ್ಲಿ ತಪ್ಪಿಲ್ಲ. ಟಿಪ್ಪಣಿಗೆ ಫೋನಿನಲ್ಲಿ ಲೇಬಲ್ಲಿನ ಚಿತ್ರ, ಜೊತೆಗೆ ‘ಹುಳಿ ಹೆಚ್ಚು, ಒಗರು ಕಡಿಮೆ, ಹಗುರ, ಇನ್ನೊಂದು ಗ್ಲಾಸು ಬೇಕೆನಿಸಿತು’ ಎಂಬಂಥ ಒಂದು ಸಾಲು ಸಾಕು.

ಅಂಗಡಿಯನ್ನೇ ಒಮ್ಮೆ ಪರೀಕ್ಷಿಸುವುದು ಒಳ್ಳೆಯದು. ಕಿಟಕಿಯ ಬಿಸಿಲಿಗೆ ಬಾಟಲಿಗಳನ್ನು ಜೋಡಿಸಿಟ್ಟಿದ್ದರೆ ಅವನ್ನು ಮುಟ್ಟಬೇಡಿ, ಅದರಲ್ಲೂ ಬಣ್ಣವಿಲ್ಲದ ಗಾಜಿನಲ್ಲಿರುವುದನ್ನು. ಬೆಳಕು ತಾಗಿದ ಬಿಳಿ ವೈನ್ ಮತ್ತು ನಸುಗೆಂಪಿನ ರೋಸೆ ವೈನ್‌ಗಳಲ್ಲಿ ಬೇಯಿಸಿದ ಎಲೆಕೋಸಿನಂಥ ಗಂಧಕದ ವಾಸನೆ ಹುಟ್ಟುತ್ತದೆ, ಹುಟ್ಟಲು ಬಹಳ ದಿನಗಳು ಬೇಕಿಲ್ಲ. ಬಿರಡೆ ಬಾಟಲಿಯ ಬಾಯಿಗಿಂತ ಮೇಲೆದ್ದಿದ್ದರೆ ಅಥವಾ ಅಂಟಂಟಾಗಿ ಸೋರಿದ ಗುರುತಿದ್ದರೆ ಆ ವೈನ್ ಎಲ್ಲೋ ಬಿಸಿಗೆ ಸಿಕ್ಕಿರುವ ಸಾಧ್ಯತೆ ಹೆಚ್ಚು. ವೈನ್ ಹಳೆಯದಾದಷ್ಟೂ ಒಳ್ಳೆಯದೆಂಬ ನಂಬಿಕೆಯಿಂದ ಧೂಳು ಹಿಡಿದ ಅಗ್ಗದ ಬಿಳಿ ವೈನನ್ನು ಆರಿಸಿಕೊಳ್ಳುವವರನ್ನು ಕಂಡಾಗ ನನಗೆ ಅಯ್ಯೋ ಎನಿಸುತ್ತದೆ. ಜಗತ್ತಿನಲ್ಲಿ ತಯಾರಾಗುವ ವೈನಿನ ಬಹುಪಾಲು ಒಂದೆರಡು ವರ್ಷಗಳಲ್ಲಿ ಕುಡಿದು ಮುಗಿಸಲೆಂದೇ ಮಾಡಿದ್ದು. ತಿರುಪಿನ ಮುಚ್ಚಳವನ್ನು ಕಂಡು ಮೂಗು ಮುರಿಯಬೇಕಾಗಿಲ್ಲ. ಬೇಗ ಕುಡಿಯುವ ವೈನಿಗೆ ಅದೇ ಸುರಕ್ಷಿತ.

ಲೇಬಲ್ಲಿನಲ್ಲಿ ನಾನು ಮೊದಲು ನೋಡುವುದು ಆಲ್ಕೋಹಾಲಿನ ಅಂಕಿ. ದ್ರಾಕ್ಷಿ ಎಷ್ಟು ಮಾಗಿತ್ತು, ಬೆಳೆದ ಸೀಮೆ ತಂಪೋ ಬಿಸಿಯೋ ಎಂಬುದರ ಸುಳಿವು ಅದರಲ್ಲಿದೆ: 12%ರ ಆಸುಪಾಸಿನ ವೈನ್ ಹಗುರವಾಗಿ ಹುಳಿಯ ಕಡೆಗೂ, 14.5%ರದು ದಪ್ಪವಾಗಿ ಮಾಗಿದ ಹಣ್ಣಿನ ಕಡೆಗೂ ವಾಲುವುದು ಹೆಚ್ಚು. ನಿಮ್ಮ ಆ ಕೆಂಪು ವೈನಿನ ಬಾಟಲಿ ಇನ್ನೂ ಮನೆಯಲ್ಲಿದ್ದರೆ ಆ ಅಂಕಿಯನ್ನು ಒಮ್ಮೆ ನೋಡಿ. 14ಕ್ಕಿಂತ ಮೇಲಿದ್ದರೆ ನನಗೆ ಆಶ್ಚರ್ಯವಾಗದು. ತಳಿಯ ಹೆಸರಿದ್ದಲ್ಲಿ, ಐರೋಪ್ಯ ಒಕ್ಕೂಟದ ನಿಯಮದಂತೆ ಕನಿಷ್ಠ 85%ರಷ್ಟು, ಅಮೆರಿಕದಲ್ಲಿ ಸಾಮಾನ್ಯವಾಗಿ 75%ರಷ್ಟು ಅದೇ ತಳಿಯ ದ್ರಾಕ್ಷಿ ಇರಬೇಕು. ಯೂರೋಪಿನ ಅನೇಕ ಹಳೆಯ ಸೀಮೆಗಳ ವೈನ್‌ಗಳಲ್ಲಿ ತಳಿಯ ಹೆಸರಿಲ್ಲದೆ ಸೀಮೆಯ ಹೆಸರಷ್ಟೇ ಇರುತ್ತದೆ. ಶಾಬ್ಲಿ ಎಂದರೆ ಶಾರ್ಡನೆ, ಸಾನ್ಸೇರ್ ಬಿಳಿಯಾದರೆ ಸಾವಿನ್ಯೋನ್ ಬ್ಲಾಂಕ್, ಬರೋಲೊ ಎಂದರೆ ನೆಬ್ಬಿಯೋಲೊ, ಬೋಜೊಲೆ ಕೆಂಪೆಂದರೆ ಗಮೆ. ಇಂಥ ಏಳೆಂಟು ಜೋಡಿಗಳನ್ನು ನೆನಪಿಟ್ಟುಕೊಂಡರೆ ಅರ್ಧ ಕಪಾಟನ್ನು ಓದಬಹುದು.

‘ರಿಸರ್ವ್’ ಎಂಬ ಪದಕ್ಕೆ ಬೆಲೆ ಕಟ್ಟುವ ಮೊದಲು ಅದು ಎಲ್ಲಿಯದೆಂದು ನೋಡಬೇಕು. ಸ್ಪೇನಿನ ರಿಯೋಹಾದಲ್ಲಿ ಕೆಂಪು ವೈನನ್ನು ‘ರಿಸರ್ವಾ’ ಎನ್ನಬೇಕಾದರೆ ಕನಿಷ್ಠ ಮೂರು ವರ್ಷ, ಅದರಲ್ಲಿ ಒಂದು ವರ್ಷವಾದರೂ ಓಕ್ ಪೀಪಾಯಿಯಲ್ಲಿ, ಮಾಗಿಸಿರಬೇಕೆಂಬ ಕಾನೂನಿದೆ. ಅಮೆರಿಕದ ಬಾಟಲಿಯ ಮೇಲೆ ಅದೇ ಪದಕ್ಕೆ ಕಾನೂನಿನ ಅರ್ಥವೇ ಇಲ್ಲ. ನೊರೆಯುಕ್ಕುವ ವೈನ್‌ಗಳಲ್ಲಿ ‘ಎಕ್ಸ್‌ಟ್ರಾ ಡ್ರೈ’ ಎಂಬುದು ‘ಬ್ರೂಟ್’ಗಿಂತ ಹೆಚ್ಚು ಸಿಹಿ ಎಂಬುದನ್ನೂ ಗುರುತಿಟ್ಟುಕೊಳ್ಳಿ: ಬ್ರೂಟ್‌ನಲ್ಲಿ ಲೀಟರಿಗೆ 12 ಗ್ರಾಂಗಿಂತ ಕಡಿಮೆ ಸಕ್ಕರೆ, ಎಕ್ಸ್‌ಟ್ರಾ ಡ್ರೈಯಲ್ಲಿ 12ರಿಂದ 17 ಗ್ರಾಂ. ಈ ಹೆಸರುಗಳನ್ನು ಇಟ್ಟವರಿಗೆ ಗ್ರಾಹಕರ ಮೇಲೆ ಯಾವ ಹಗೆ ಇತ್ತೋ ಕಾಣೆ. ಕಪಾಟಿಗೆ ತಗುಲಿಸಿದ ಚೀಟಿಯಲ್ಲಿ ನೂರಕ್ಕೆ 92 ಅಂಕವೆಂದು ಬರೆದಿದ್ದರೆ, ಆ ಅಂಕ ಬಂದ ವರ್ಷವೂ ಬಾಟಲಿಯ ಮೇಲಿನ ವರ್ಷವೂ ಒಂದೇ ಹೌದೇ ಎಂದು ನೋಡಿ. ಆ ಅಳತೆ 50ರಿಂದ ಶುರುವಾಗುತ್ತದೆ ಎಂಬುದನ್ನೂ ಮರೆಯಬೇಡಿ.

ಅಂಗಡಿಯವರೊಡನೆ ಮಾತಾಡುವಾಗ ‘ಒಳ್ಳೆಯದು ಯಾವುದು?’ ಎಂದು ಕೇಳಿದರೆ ಅವರಿಗೆ ಮಾರಬೇಕಾಗಿರುವುದು ಸಿಗುತ್ತದೆ. ಬದಲಿಗೆ ಈ ಹಿಂದೆ ಹಿಡಿಸಿದ ಒಂದು, ಹಿಡಿಸದ ಒಂದು ಬಾಟಲಿಯ ಚಿತ್ರ ತೋರಿಸಿ. ಹಿಡಿಸದಿದ್ದುದರಿಂದಲೇ ಅವರಿಗೆ ಹೆಚ್ಚು ತಿಳಿಯುವುದು. ನಿಮ್ಮ ವಿಷಯದಲ್ಲಿ ನಾನಾಗಿದ್ದರೆ ಹೀಗೆ ಹೇಳುತ್ತಿದ್ದೆ: ‘ಕಳೆದ ಬಾರಿ ಒಯ್ದದ್ದು ಮೊದಲ ಗುಟುಕಿಗೆ ಚೆನ್ನಾಗಿತ್ತು, ಆಮೇಲೆ ಭಾರವಾಯಿತು. ಸಕ್ಕರೆ ಬೇಡ, ಒಗರು ಕಡಿಮೆ ಇರಲಿ, ಹುಳಿ ಇದ್ದರೆ ಅಡ್ಡಿಯಿಲ್ಲ, ಊಟದ ಜೊತೆಗೆ ಇಬ್ಬರು ಕುಡಿಯುವುದಕ್ಕೆ, ಇಷ್ಟರೊಳಗೆ.’ ಕೊಡಬಹುದಾದ ಹಣವನ್ನು ಸಂಕೋಚವಿಲ್ಲದೆ ಮೊದಲೇ ಹೇಳಿಬಿಡಿ. ಯಾವುದರ ಜೊತೆ ಎಂಬುದೂ ಮುಖ್ಯ, ಏಕೆಂದರೆ ಕೊಬ್ಬು ಮತ್ತು ಉಪ್ಪು ಒಗರನ್ನು ತಗ್ಗಿಸುತ್ತವೆ, ಖಾರವು ಆಲ್ಕೋಹಾಲಿನ ಉರಿಯನ್ನು ಹೆಚ್ಚಿಸುತ್ತದೆ. ಇಷ್ಟು ಹೇಳಿದ ಮೇಲೂ ಅವರು ನಿಮ್ಮ ಮಾತನ್ನು ಕಿವಿಗೆ ಹಾಕಿಕೊಳ್ಳದೆ ಅಂಕದ ಚೀಟಿಯತ್ತ ಕೈತೋರಿಸಿದರೆ ಬೇರೆ ಅಂಗಡಿ ಹುಡುಕಿಕೊಳ್ಳಬಹುದು. ಮೂರು ನಾಲ್ಕು ಬಾರಿ ಸರಿಯಾಗಿ ಆರಿಸಿಕೊಟ್ಟವರನ್ನು ಮಾತ್ರ ಬಿಡಬೇಡಿ.

ಕೊನೆಯದಾಗಿ, ಆ ಬಾಟಲಿ ನಿಜವಾಗಿಯೂ ಕೆಟ್ಟಿತ್ತೇ ಎಂಬ ಸಂಶಯ. ಒದ್ದೆಯಾದ ರಟ್ಟಿನ ಅಥವಾ ಗಾಳಿಯಾಡದ ನೆಲಮನೆಯ ಮುಗ್ಗಲು ವಾಸನೆ ಬಂದು ಹಣ್ಣಿನ ಘಮ ಅಡಗಿಹೋಗಿದ್ದರೆ ಅದು ಬಿರಡೆಯ ದೋಷ. ಅದಕ್ಕೆ ಕಾರಣವಾದ ಟಿಸಿಎ ಎಂಬ ಸಂಯುಕ್ತ ಲೀಟರಿಗೆ ಕೆಲವೇ ನ್ಯಾನೋಗ್ರಾಂ ಇದ್ದರೂ ಸಾಕು, ಮೂಗಿಗೆ ತಿಳಿಯುತ್ತದೆ, ಮತ್ತು ಹೊತ್ತು ಕಳೆದಂತೆ ಹೆಚ್ಚುತ್ತದೆಯೇ ಹೊರತು ಹೋಗುವುದಿಲ್ಲ. ಗೀರಿದ ಬೆಂಕಿಕಡ್ಡಿಯ ವಾಸನೆಯಾದರೆ ಸ್ವಲ್ಪ ಹೊತ್ತು ಗ್ಲಾಸಿನಲ್ಲಿ ತಿರುಗಿಸುತ್ತಿರಿ, ಬಹುತೇಕ ಹಾರಿಹೋಗುತ್ತದೆ. ವಿನಿಗರಿನ ಅಥವಾ ಉಗುರುಬಣ್ಣ ತೆಗೆಯುವ ದ್ರವದ ವಾಸನೆ, ಎಳೆಯ ವೈನಿನಲ್ಲೇ ಕಂದುಬಣ್ಣ, ಕತ್ತರಿಸಿಟ್ಟು ಕಪ್ಪಾದ ಸೇಬಿನ ವಾಸನೆ, ಇವು ದೋಷಗಳೇ. ಅಂಥದ್ದು ಕಂಡರೆ ಒಂದು ಗುಟುಕಿಗೇ ನಿಲ್ಲಿಸಿ, ಅದೇ ಬಿರಡೆಯನ್ನು ತಿರುಗಿ ಹಾಕಿ, ಬಿಲ್ಲಿನ ಸಮೇತ ಮರುದಿನವೇ ಅಂಗಡಿಗೆ ಒಯ್ಯಿರಿ. ಮುಕ್ಕಾಲು ಖಾಲಿಯಾದ ಬಾಟಲಿಯನ್ನು ಒಯ್ದರೆ ವಾದಕ್ಕೆ ಬಲವಿರುವುದಿಲ್ಲ. ನೀವು ವಿವರಿಸಿದ ಬೇಸರದಲ್ಲಿ ಈ ಯಾವ ಲಕ್ಷಣವೂ ಇಲ್ಲವಾದ್ದರಿಂದ ಅದನ್ನು ಹಿಂದಿರುಗಿಸುವ ಮಾತಿಲ್ಲ. ಬಾಟಲಿಯಲ್ಲಿ ಇನ್ನೂ ಉಳಿದಿದ್ದರೆ, ಮತ್ತು ತೆರೆದು ಮೂರು ನಾಲ್ಕು ದಿನ ಮೀರಿರದಿದ್ದರೆ, ಫ್ರಿಜ್ಜಿನಿಂದ ತೆಗೆದು ಹತ್ತು ನಿಮಿಷ ಹೊರಗಿಟ್ಟು ಅರ್ಧ ಗ್ಲಾಸು ಬಗ್ಗಿಸಿಕೊಂಡು ನೋಡಿ. ಈ ಬಾರಿ ಮೊದಲು ಮೂಗು ಹಿಡಿದು.